ಹಳ್ಳಿಯ ಹಾದಿಯೂ ಲಾರಿಯ ಲೆಕ್ಕವೂ

ಹಳ್ಳಿಯೊಂದರ ಸಮೀಪದಲ್ಲಿ ಕಲ್ಲುಗಣಿಯೋ ಸಕ್ಕರೆ ಕಾರ್ಖಾನೆಯೋ ಸ್ಥಾಪಿತವಾಗಲಿದೆಯೆಂಬ ಸುದ್ದಿ ಹಬ್ಬಿದೊಡನೆ ಜನರು ಮೊದಲು ಎತ್ತುವುದು ನೀರಿನ ಮಾತನ್ನು. ಅನಂತರ ಧೂಳಿನ ಮಾತು. ಅದರ ಬೆನ್ನಿಗೇ, ಊರಿನ ಎಷ್ಟು ಮಂದಿಗೆ ಕೆಲಸ ದೊರೆತೀತೆಂಬ ಮಾತು. ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ. ಆದರೆ ರಸ್ತೆಯ ವಿಚಾರವನ್ನು ಎತ್ತುವವರು ವಿರಳ. ಗಣಿಯು ಊರಿನಿಂದ ಮೂರು ಕಿಲೋಮೀಟರು ದೂರದ ಗುಡ್ಡದಲ್ಲಿದ್ದರೂ ಅದರ ಲಾರಿಗಳು ಊರಿನ ನಡುವೆಯೇ ಹಾಯಬೇಕಾಗುತ್ತದೆ. ಗುಡ್ಡದ ಸಿಡಿಮದ್ದಿನ ಸದ್ದು ಆಗೊಮ್ಮೆ ಈಗೊಮ್ಮೆ ಕೇಳಿಸಿದರೆ, ಲಾರಿಯ ಸದ್ದು ನಸುಕಿನಿಂದ ಕತ್ತಲಾಗುವವರೆಗೂ ಮನೆಯ ಬಾಗಿಲಲ್ಲೇ ಇರುತ್ತದೆ. ಹೀಗಿದ್ದೂ ಈ ವಿಷಯವು ಚರ್ಚೆಗೆ ಬಾರದಿರುವುದಕ್ಕೆ ಒಂದು ಕಾರಣವಿದೆ. ಯೋಜನೆಯ ವರದಿಯಲ್ಲಿ ರಸ್ತೆಗೆ ಸಂಬಂಧಪಟ್ಟ ಭಾಗವೊಂದು ಇರುತ್ತದೆ, ಅದರಲ್ಲಿ ಕೋಷ್ಟಕಗಳಿರುತ್ತವೆ, ಕೋಷ್ಟಕದ ಕೆಳಗೆ, ಈಗಿನ ರಸ್ತೆಯು ಹೆಚ್ಚಿನ ಸಂಚಾರವನ್ನು ಹೊರಲು ಸಮರ್ಥವಾಗಿದೆಯೆಂಬ ಒಂದು ವಾಕ್ಯವಿರುತ್ತದೆ. ಅಂಕಿಗಳ ಮುಂದೆ ಸಾಮಾನ್ಯ ಮನುಷ್ಯನು ಸುಮ್ಮನಾಗುತ್ತಾನೆ. ಆ ಲೆಕ್ಕವನ್ನು ಹೇಗೆ ಮಾಡುತ್ತಾರೆ, ಅದು ಯಾವುದನ್ನು ಕಾಣುತ್ತದೆ, ಯಾವುದನ್ನು ಕಾಣುವುದಿಲ್ಲ ಎಂಬುದನ್ನು ಅರಿತುಕೊಂಡರೆ ಹಾಗೆ ಸುಮ್ಮನಾಗಬೇಕಾದ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ದೊಡ್ಡ ಗಣಿಗಳೂ ಕಾರ್ಖಾನೆಗಳೂ ಆರಂಭವಾಗುವುದಕ್ಕೆ ಮುಂಚೆ ಅವುಗಳಿಂದ ಪರಿಸರಕ್ಕೆ ಆಗಬಹುದಾದ ಪರಿಣಾಮವನ್ನು ಅಂದಾಜು ಮಾಡಬೇಕೆಂದು ಕೇಂದ್ರ ಸರ್ಕಾರದ 2006ನೆಯ ಇಸವಿಯ ಅಧಿಸೂಚನೆ ವಿಧಿಸುತ್ತದೆ. ಗಣಿಗಳ ಅಧ್ಯಯನಕ್ಕಾಗಿ ಕೊಡುವ ಮಾದರಿ ಸೂಚನೆಗಳಲ್ಲಿ ರಸ್ತೆಯ ವಿಚಾರವೂ ಸೇರಿದೆ. ಯೋಜನೆಯಿಂದ ಲಾರಿಗಳ ಸಂಚಾರ ಎಷ್ಟು ಹೆಚ್ಚೀತು, ಈಗಿರುವ ರಸ್ತೆಗಳು ಆ ಹೊರೆಯನ್ನು ತಾಳಬಲ್ಲವೇ ಎಂಬುದನ್ನು ಲೆಕ್ಕಹಾಕಿ ತೋರಿಸಬೇಕು. ಮೇಲುನೋಟಕ್ಕೆ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಇಲ್ಲಿ ವಿಚಾರಿಸಿರುವುದು ರಸ್ತೆಯ ತಾಳಿಕೆಯನ್ನು. ಅದರ ಮೇಲೆ ನಡೆದಾಡುವವರ ತಾಳಿಕೆಯನ್ನಲ್ಲ. ಮುಂದಿನ ತೊಡಕೆಲ್ಲವೂ ಇಲ್ಲಿಂದಲೇ ಹುಟ್ಟುತ್ತದೆ.

ರಸ್ತೆಯ ಮೇಲೆ ಹೋಗುವ ವಾಹನಗಳು ಒಂದೇ ಬಗೆಯವಲ್ಲ. ಬೈಸಿಕಲ್ಲು, ಲಾರಿ, ಎತ್ತಿನ ಗಾಡಿ ಇವುಗಳನ್ನು ಒಂದೇ ಸಾಲಿನಲ್ಲಿ ಕೂಡುವುದು ಹೇಗೆ? ಇದಕ್ಕೆ ಎಂಜಿನಿಯರುಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಕಾರನ್ನು ಅಳತೆಗೋಲನ್ನಾಗಿ ಇಟ್ಟುಕೊಂಡು, ಪ್ರತಿಯೊಂದು ವಾಹನವೂ ಎಷ್ಟು ಕಾರುಗಳಿಗೆ ಸಮಾನವಾಗಿ ರಸ್ತೆಯನ್ನು ಆಕ್ರಮಿಸುತ್ತದೆಂದು ನಿಗದಿ ಮಾಡುವುದೇ ಆ ಉಪಾಯ. ಈ ಲೇಖನದ ಮಟ್ಟಿಗೆ ಇದನ್ನು 'ಕಾರುಮಾನ' ಎಂದು ಕರೆಯೋಣ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಇದು ರಸ್ತೆ ಎಂಜಿನಿಯರುಗಳ ಸಂಸ್ಥೆ, ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ) 1990ರಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ ಸ್ಕೂಟರು ಮತ್ತು ಬೈಸಿಕಲ್ಲಿಗೆ ಅರ್ಧ, ಕಾರು ಮತ್ತು ಆಟೋರಿಕ್ಷಾಕ್ಕೆ ಒಂದು, ಲಾರಿ ಮತ್ತು ಬಸ್ಸಿಗೆ ಮೂರು, ಟ್ರೈಲರು ಕಟ್ಟಿದ ಟ್ರಾಕ್ಟರಿಗೆ ನಾಲ್ಕೂವರೆ, ಎತ್ತಿನ ಗಾಡಿಗೆ ಎಂಟು. ಎಂಟು ಎಂಬುದನ್ನು ಗಾಡಿಗೆ ಸಂದ ಗೌರವವೆಂದು ವಾಚಕರು ತಿಳಿಯಬಾರದು. ಹಿಂದಿನಿಂದ ಬರುವ ಕಾರಿನವನಿಗೆ ಅದು ಅಷ್ಟು ಅಡ್ಡಿ ಎಂದು ಅದರ ಅರ್ಥ. ಅದೇ ಮಾರ್ಗದರ್ಶಿಯಲ್ಲಿ, ಮೂರು ಮುಕ್ಕಾಲು ಮೀಟರು ಅಗಲದ ಒಂಟಿ ಸಾಲಿನ ಡಾಂಬರು ರಸ್ತೆಯು ಬಯಲು ಸೀಮೆಯಲ್ಲಿ ದಿನಕ್ಕೆ 2,000 ಕಾರುಮಾನಗಳನ್ನು ಹೊರಬಲ್ಲದೆಂದು ಹೇಳಿದೆ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಯಲು ಸೀಮೆಯ ಒಂದು ಹಳ್ಳಿ. ಅದರ ನಡುವೆ ಇಂಥದೊಂದು ರಸ್ತೆ. ದಿನವೊಂದಕ್ಕೆ 240 ದ್ವಿಚಕ್ರ ವಾಹನಗಳು, 60 ಕಾರು ಮತ್ತು ಆಟೋಗಳು, ಬಸ್ಸೂ ಲಾರಿಯೂ ಸೇರಿ 14, ಟ್ರೈಲರು ಕಟ್ಟಿದ ಟ್ರಾಕ್ಟರುಗಳು 16, ಬೈಸಿಕಲ್ಲುಗಳು 40, ಎತ್ತಿನ ಗಾಡಿಗಳು 4. ಕೂಡಿದರೆ 346 ಕಾರುಮಾನ. ಪಕ್ಕದ ಗುಡ್ಡದಲ್ಲಿ ವರ್ಷಕ್ಕೆ 6 ಲಕ್ಷ ಟನ್ ಜಲ್ಲಿ ತೆಗೆಯುವ ಗಣಿ ಬರುತ್ತದೆನ್ನೋಣ. 300 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 2,000 ಟನ್. ಲಾರಿಯೊಂದಕ್ಕೆ 10 ಟನ್ನಿನಂತೆ 200 ಲಾರಿ. ತುಂಬಿ ಹೋದ ಲಾರಿ ಖಾಲಿಯಾಗಿ ಮರಳಿ ಬರಲೇಬೇಕಾದುದರಿಂದ 400 ಸಲದ ಸಂಚಾರ, ಅಂದರೆ 1,200 ಕಾರುಮಾನ. ಮೊದಲಿನದನ್ನು ಸೇರಿಸಿದರೆ 1,546. ರಸ್ತೆಯ ಸಾಮರ್ಥ್ಯ 2,000. ಅನುಪಾತವು ಒಂದಕ್ಕಿಂತ ಕಡಿಮೆ. ಆದ್ದರಿಂದ ರಸ್ತೆ ಸಮರ್ಥವಾಗಿದೆ! ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಬಸ್ಸು ಲಾರಿಗಳ ಸಂಖ್ಯೆಯು 14ರಿಂದ 414ಕ್ಕೆ, ಎಂದರೆ ಸುಮಾರು ಮೂವತ್ತು ಪಟ್ಟಿಗೆ ಏರಿತೆಂಬ ಸಂಗತಿ ಆ ಅನುಪಾತದೊಳಗೆ ಎಲ್ಲಿಯೂ ಕಾಣಿಸುವುದಿಲ್ಲ. ಹನ್ನೆರಡು ಗಂಟೆಗಳ ಹಗಲಿಗೆ ಹಂಚಿ ನೋಡಿದರೆ, ಎರಡು ನಿಮಿಷ ತುಂಬುವುದರೊಳಗಾಗಿ ಒಂದು ಲಾರಿ.

ಇನ್ನು ಈ 2,000 ಎಂಬ ಅಂಕಿಯನ್ನೇ ಸ್ವಲ್ಪ ಪರೀಕ್ಷಿಸಬೇಕು. ಲಾರಿಯ ಅಗಲ ಸುಮಾರು ಎರಡೂವರೆ ಮೀಟರು. ಎದುರುಬದುರಾಗಿ ಬಂದ ಎರಡು ಲಾರಿಗಳಿಗೆ ಐದು ಮೀಟರು ಬೇಕು. ಡಾಂಬರು ಇರುವುದು ಮೂರು ಮುಕ್ಕಾಲು ಮೀಟರು. ಆದ್ದರಿಂದ ಎರಡೂ ಒಂದು ಬದಿಯ ಗಾಲಿಗಳನ್ನು ಪಕ್ಕದ ಮಣ್ಣಿಗೆ ಇಳಿಸಲೇಬೇಕು. ಒಂಟಿ ಸಾಲಿನ ರಸ್ತೆಯ ಸಾಮರ್ಥ್ಯವೆಲ್ಲವೂ ಈ ಮಣ್ಣಿನ ಅಂಚನ್ನು ಅವಲಂಬಿಸಿರುವುದರಿಂದಲೇ ಮಾರ್ಗದರ್ಶಿಯು ಒಂದು ನಿಬಂಧನೆಯನ್ನು ಹಾಕಿದೆ: ಎರಡು ಕಡೆಯಲ್ಲೂ ಕನಿಷ್ಠ ಒಂದು ಮೀಟರಿನ ಗಟ್ಟಿಯಾದ ಅಂಚು ಇರಬೇಕು, ಅಂಚು ಕಳಪೆಯಾಗಿದ್ದರೆ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಬೇಕು. ನಮ್ಮ ಹಳ್ಳಿಗಳ ರಸ್ತೆಯಂಚು ಹೇಗಿರುತ್ತದೆಂಬುದನ್ನು ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಡಾಂಬರಿನಿಂದ ಗೇಣುದ್ದ ಕೆಳಗೆ ಕುಸಿದ ಮಣ್ಣು, ಅದರ ಪಕ್ಕದಲ್ಲಿ ಚರಂಡಿ, ಚರಂಡಿಯಾಚೆ ಜಾಲಿಯ ಬೇಲಿ. ಹಾಗಾದರೆ ಸಾಮರ್ಥ್ಯ 1,000, ಹೊರೆ 1,546. ಅಂಚನ್ನು ಬಗ್ಗಿ ನೋಡಿದ ಮಾತ್ರಕ್ಕೆ ಸಮರ್ಥವಾಗಿದ್ದ ರಸ್ತೆ ಅಸಮರ್ಥವಾಯಿತು. ವರದಿಯು ಕೈಗೆ ಬಂದಾಗ ಮೊದಲು ನೋಡತಕ್ಕದ್ದು ಇದನ್ನೇ. ಅಂಚಿನ ಅಗಲವನ್ನೂ ಸ್ಥಿತಿಯನ್ನೂ ಅದರಲ್ಲಿ ಬರೆದಿದ್ದಾರೆಯೇ ಎಂಬುದನ್ನು.

ಆದರೆ ಈ ಅಂಚು ಲಾರಿಯ ಗಾಲಿಗಾಗಿಯೇ ಖಾಲಿ ಇರುವುದಲ್ಲ. ಹಳ್ಳಿಯ ಜನ ನಡೆಯುವುದೂ ಅದರ ಮೇಲೆಯೇ. ಶಾಲೆಗೆ ಹೋಗುವ ಮಕ್ಕಳು, ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸರು, ಹೊತ್ತು ಮುಳುಗುವಾಗ ಹಟ್ಟಿಗೆ ಮರಳುವ ದನಗಳು, ಕುರಿಯ ಹಿಂಡು, ಎಲ್ಲರ ಪಾದವೂ ಬೀಳುವುದು ಅಲ್ಲಿ. ಕಾರುಮಾನದ ಕೋಷ್ಟಕದಲ್ಲಿ ಪಾದಚಾರಿಗೆ ಅಂಕಿಯೇ ಇಲ್ಲ. ಅರ್ಧವೂ ಇಲ್ಲ, ಕಾಲೂ ಇಲ್ಲ. ಮುನ್ನೂರು ಮಕ್ಕಳು ಆ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರೂ, ಒಬ್ಬರೂ ಹೋಗದೆ ಇದ್ದರೂ ಅನುಪಾತವು ಅದೇ ಆಗಿರುತ್ತದೆ. ಹೆದ್ದಾರಿಯ ಅಗಲವನ್ನು ನಿಶ್ಚಯಿಸುವುದಕ್ಕಾಗಿ ರಚಿತವಾದ ಕೋಷ್ಟಕವೆಂಬ ಕಾರಣದಿಂದ ಇದು ಕ್ಷಮ್ಯ. ಹಳ್ಳಿಯ ಮೇಲಣ ಪರಿಣಾಮವನ್ನು ಅಳೆಯುವುದಕ್ಕೆ ಅದನ್ನೇ ತಂದು ಬಳಸುವುದು ಕ್ಷಮ್ಯವೆಂದು ನನಗೆ ತೋರುವುದಿಲ್ಲ. ಕೇಂದ್ರ ಸರ್ಕಾರದ ಅಂಕಿಅಂಶಗಳ ಪ್ರಕಾರ 2022ನೆಯ ಇಸವಿಯೊಂದರಲ್ಲೇ ರಸ್ತೆಯ ಅಪಘಾತಗಳಿಂದ ಸತ್ತವರು 1,68,491 ಮಂದಿ; ಅವರಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಮಂದಿ ಸತ್ತಿರುವುದು ಗ್ರಾಮೀಣ ಪ್ರದೇಶಗಳಲ್ಲಿ. ರಸ್ತೆಯ ಅಪಾಯವೆಂದರೆ ನಗರದ ದಟ್ಟಣೆಯೆಂದು ಭಾವಿಸಿರುವವರು ಈ ಸಂಗತಿಯನ್ನು ಗಮನಿಸಬೇಕು.

ಸಾಮಾನ್ಯವಾಗಿ ಸೂಚಿಸುವ ಪರಿಹಾರವೆಂದರೆ ರಸ್ತೆಯನ್ನು ಅಗಲಗೊಳಿಸುವುದು. ಅಗಲವಾದರೆ ಅನುಪಾತ ಇಳಿಯುತ್ತದೆ, ನಿಜ. ಜೊತೆಗೆ ವೇಗ ಏರುತ್ತದೆ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಂಟೆಗೆ 30 ಕಿಲೋಮೀಟರಿನಲ್ಲಿ ಓಡುವ ಲಾರಿಯು ಬ್ರೇಕು ಹಾಕಿದ ಮೇಲೆ ನಿಲ್ಲುವುದಕ್ಕೆ ತೆಗೆದುಕೊಳ್ಳುವ ದೂರದ ನಾಲ್ಕರಷ್ಟು ದೂರ 60 ಕಿಲೋಮೀಟರಿನಲ್ಲಿ ಓಡುವ ಲಾರಿಗೆ ಬೇಕು. ನಡೆಯುವವರಿಗೆ ಪ್ರತ್ಯೇಕವಾದ ಹಾದಿಯಿಲ್ಲದೆ ಡಾಂಬರನ್ನು ಮಾತ್ರ ಅಗಲ ಮಾಡಿದರೆ ಪ್ರಯೋಜನವಾಗುವುದು ಲಾರಿಗೆ.

ಯಾರನ್ನು ಎಣಿಸುತ್ತಾರೆಂಬುದರಷ್ಟೇ ಮುಖ್ಯವಾದುದು ಯಾವಾಗ ಎಣಿಸುತ್ತಾರೆಂಬುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1972ರ ಸೂಚನೆಯು ಈ ವಿಷಯದಲ್ಲಿ ಬಹಳ ವಿವೇಕದಿಂದ ಕೂಡಿದೆ. ಹೊರ ರಸ್ತೆಗಳಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ, ಒಮ್ಮೆ ಸುಗ್ಗಿ ಮತ್ತು ಮಾರಾಟದ ಕಾಲದಲ್ಲಿ, ಇನ್ನೊಮ್ಮೆ ಬಿಡುವಿನ ಕಾಲದಲ್ಲಿ, ಪ್ರತಿ ಬಾರಿಯೂ ಏಳು ದಿನ ಹಗಲಿರುಳು ಎಣಿಸಬೇಕೆಂದು ಅದು ಹೇಳುತ್ತದೆ. ಏಳು ದಿನವೇಕೆಂಬುದು ಹಳ್ಳಿಯವರಿಗೆ ಒಡನೆ ಅರ್ಥವಾದೀತು. ವಾರದಲ್ಲಿ ಒಂದು ದಿನ ಸಂತೆ. ಮೂರೇ ದಿನ ಎಣಿಸಿ ಹೋದವನಿಗೆ ಸಂತೆ ಸಿಕ್ಕೀತೆಂಬ ಭರವಸೆಯಿಲ್ಲ. ಕಾಲದ ವ್ಯತ್ಯಾಸವಂತೂ ಇನ್ನೂ ದೊಡ್ಡದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ನುರಿಯುವ ತಿಂಗಳುಗಳಲ್ಲಿ ಎರಡೆರಡು ಟ್ರೈಲರುಗಳನ್ನು ಕಟ್ಟಿಕೊಂಡ ಟ್ರಾಕ್ಟರುಗಳು ಸಾಲುಗಟ್ಟಿ ಹೋಗುವುದನ್ನು ನೋಡಿದವನು, ಜೂನ್ ತಿಂಗಳಿನಲ್ಲಿ ಅದೇ ರಸ್ತೆಯನ್ನು ಗುರುತಿಸಲಾರ. ನಮ್ಮ ಕಲ್ಪಿತ ಹಳ್ಳಿಯಲ್ಲಿ ಕಬ್ಬಿನ ಕಾಲಕ್ಕೆ ಟ್ರಾಕ್ಟರುಗಳು 16ರ ಬದಲು 120 ಆದವೆಂದು ಇಟ್ಟುಕೊಂಡರೆ, ಇತರ ಯಾವ ಬದಲಾವಣೆಯೂ ಇಲ್ಲದೆ ಹೊರೆಯು 1,546ರಿಂದ 2,014ಕ್ಕೆ ಏರುತ್ತದೆ. ಅಂಚು ಎಷ್ಟೇ ಗಟ್ಟಿಯಾಗಿದ್ದರೂ ಆಗ ರಸ್ತೆ ಸಾಲದು. ಹಳೆಯ ಮೈಸೂರಿನ ಸೀಮೆಯಲ್ಲಿ ರಾಗಿ, ಹುರುಳಿಗಳನ್ನು ಡಾಂಬರಿನ ಮೇಲೆ ಹರಡಿ ಒಕ್ಕಣೆ ಮಾಡುವ ರೂಢಿಯೊಂದು ಬೇರೆ ಇದೆ. ಇದು ಒಳ್ಳೆಯ ರೂಢಿಯೆಂದು ನಾನು ಸಮರ್ಥಿಸುತ್ತಿಲ್ಲ. ಸ್ಕೂಟರಿನವರು ಜಾರಿ ಬೀಳುತ್ತಾರೆ. ಆದರೆ ಕಣಕ್ಕೆ ಬದಲಾಗಿ ರಸ್ತೆಯನ್ನೇ ನಂಬಿರುವ ಊರಿನಲ್ಲಿ ಎರಡು ನಿಮಿಷಕ್ಕೊಂದು ಲಾರಿ ಬಂದರೆ ಏನಾದೀತೆಂಬುದು ಅಂದಾಜು ಮಾಡುವವನ ಕಣ್ಣಿಗೆ ಬೀಳಬೇಡವೇ?

ಅದೇ 1972ರ ಸೂಚನೆಯಲ್ಲಿ ಜಾತ್ರೆಯಂಥ ಅಸಾಧಾರಣ ದಿನಗಳಲ್ಲಿ ಎಣಿಸಬಾರದು, ಸಂಚಾರ ಯಥಾಸ್ಥಿತಿಗೆ ಬರುವವರೆಗೆ ಕಾಯಬೇಕು ಎಂದೂ ಇದೆ. ರಸ್ತೆಯ ದುರಸ್ತಿಗೆ ಹಣ ಹಂಚುವವನಿಗೆ ಇದು ಸರಿಯಾದ ನಿಯಮ. ಎರಡು ದಿನದ ತೇರಿಗಾಗಿ ವರ್ಷವಿಡೀ ಬೇಕಾಗದ ಅಗಲದ ರಸ್ತೆಯನ್ನು ಕಟ್ಟಬೇಕಾಗಿಲ್ಲ. ಆದರೆ ಗಣಿಯ ಲಾರಿ ಜಾತ್ರೆಯ ದಿನವೂ ಓಡುತ್ತದೆಯೇ ಎಂಬುದು ಊರಿನವರಿಗೆ ಮುಖ್ಯ ಪ್ರಶ್ನೆ. ಒಂದು ಉದ್ದೇಶಕ್ಕೆ ಬಿಟ್ಟುಬಿಡತಕ್ಕ ಸಂಗತಿಯೇ ಇನ್ನೊಂದು ಉದ್ದೇಶಕ್ಕೆ ಸೇರಿಸತಕ್ಕ ಸಂಗತಿಯಾಗುತ್ತದೆ.

ಇಷ್ಟೆಲ್ಲ ಆದರೂ ಕಾರುಮಾನವು ಹೇಳುವುದು ಲಾರಿಯು ಆಕ್ರಮಿಸುವ ಜಾಗವನ್ನು ಮಾತ್ರ. ಅದು ರಸ್ತೆಗೆ ಮಾಡುವ ಜಖಂ ಬೇರೆ ಲೆಕ್ಕ. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟಾವ ಎಂಬ ಊರಿನ ಬಳಿ 1958ರಿಂದ 1960ರವರೆಗೆ ಎರಡು ವರ್ಷಗಳ ಕಾಲ ಒಂದು ಪ್ರಚಂಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಸುತ್ತಾಗಿ ಕಟ್ಟಿ, ಬೇರೆ ಬೇರೆ ಭಾರ ಹೇರಿದ ಲಾರಿಗಳನ್ನು ಸೈನಿಕರಿಂದ ಓಡಿಸಿ, ಯಾವುದು ಎಷ್ಟರಲ್ಲಿ ಕೆಡುವುದೆಂದು ನೋಡಿದರು. ಲಾರಿಯವರು ಆಕ್ಸಲ್ ಎನ್ನುವ ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ರಸ್ತೆಗೆ ಆಗುವ ಜಖಂ ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿ ಎಂಬುದು ಅದರಿಂದ ತಿಳಿದುಬಂತು. ಜಖಂ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬ ಈ ನಿಯಮ ಇಂದಿಗೂ ರಸ್ತೆಯ ವಿನ್ಯಾಸಕ್ಕೆ ಅಡಿಪಾಯ. ಸಣ್ಣ ಕಾರಿನ ಅಚ್ಚಿನ ಮೇಲೆ 0.6 ಟನ್, ತುಂಬಿದ ಲಾರಿಯ ಹಿಂದಿನ ಅಚ್ಚಿನ ಮೇಲೆ 10.2 ಟನ್ ಇದ್ದರೆ ಹದಿನೇಳು ಪಟ್ಟು ಭಾರ. ಜಖಂ 83,000 ಪಟ್ಟಿಗೂ ಮಿಗಿಲು. ಜಾಗದ ಲೆಕ್ಕದಲ್ಲಿ ಮೂರು ಕಾರುಗಳಿಗೆ ಸಮಾನವಾದ ಲಾರಿಗೆ ಇಲ್ಲಿ ಎಂಬತ್ತು ಸಾವಿರ ಕಾರುಗಳೂ ಸಾಟಿಯಾಗುವುದಿಲ್ಲ!

ಹಳ್ಳಿಯ ರಸ್ತೆಗಳನ್ನು 8.16 ಟನ್ನಿನ ಪ್ರಮಾಣ ಅಚ್ಚು ಎಷ್ಟು ಸಲ ಹಾಯಬಹುದೆಂಬ ಅಂದಾಜಿನ ಮೇಲೆ ಕಟ್ಟುತ್ತಾರೆ. ಹತ್ತು ವರ್ಷಗಳಲ್ಲಿ ಅರುವತ್ತು ಸಾವಿರದಿಂದ ಒಂದು ಲಕ್ಷ ಸಲ ಎಂಬುದು ಅವುಗಳಲ್ಲೊಂದು ವರ್ಗ. ನಮ್ಮ ಉದಾಹರಣೆಯ ರಸ್ತೆ ಆ ವರ್ಗದ್ದೆನ್ನೋಣ. 10.2 ಟನ್ನಿನ ಒಂದು ಅಚ್ಚು 2.44 ಪ್ರಮಾಣ ಅಚ್ಚುಗಳಿಗೆ ಸಮ. ತುಂಬಿದ 200 ಲಾರಿಗಳ ಹಿಂದಿನ ಅಚ್ಚುಗಳನ್ನು ಮಾತ್ರ ಹಿಡಿದರೂ ದಿನಕ್ಕೆ 488. ಒಂದು ಲಕ್ಷವು ಮುಗಿಯುವುದಕ್ಕೆ 205 ಕೆಲಸದ ದಿನಗಳು ಸಾಕು. ಹತ್ತು ವರ್ಷ ಬಾಳಬೇಕಾದ ರಸ್ತೆ ಎಂಟು ತಿಂಗಳಲ್ಲಿ ಸವೆದುಹೋಯಿತು. ಇದೆಲ್ಲವೂ ಲಾರಿಗಳು ಕಾನೂನಿನ ಮಿತಿಯೊಳಗೇ ತುಂಬಿದ್ದರೆ ಎಂಬ ಭಾವನೆಯ ಮೇಲೆ. ಆ ಮಿತಿಯನ್ನೇ 2018ರಲ್ಲಿ ಇಂಥ ಅಚ್ಚಿಗೆ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಏರಿದ್ದು ನೂರಕ್ಕೆ ಹದಿಮೂರರಷ್ಟು. ನಾಲ್ಕನೆಯ ಘಾತದಲ್ಲಿ ಜಖಂ ಏರಿದ್ದು ನೂರಕ್ಕೆ ಅರುವತ್ತರಷ್ಟು. ರಸ್ತೆಯಂತೂ ಮೊದಲಿನದೇ.

ಒಂದೊಂದು ಗಣಿಯನ್ನೂ ಪ್ರತ್ಯೇಕವಾಗಿ ನೋಡಿದರೆ ಏನಾಗುತ್ತದೆಂಬುದಕ್ಕೆ ಸಂಡೂರು, ಹೊಸಪೇಟೆ, ಬಳ್ಳಾರಿಗಳ ರಸ್ತೆಗಳು ನಿದರ್ಶನ. ಈ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಬಂದಾಗ ಆ ರಸ್ತೆಗಳ ಮೇಲೆ ಓಡಿದ ಲಾರಿಗಳನ್ನೂ, ಮರಗಿಡ ಮನೆಗಳಿಗೆ ಕವಿದ ಕೆಂಪು ಧೂಳನ್ನೂ ಕಂಡವರು ಮರೆತಿರಲಾರರು. ಮಿತಿಮೀರಿ ತುಂಬಿದ ಲಾರಿಗಳ ವಿಷಯ ಲೋಕಾಯುಕ್ತರ ವರದಿಯಲ್ಲೂ ಬಂದಿದೆ. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆಯೇ, ಇಡೀ ಪ್ರದೇಶದ ಗಣಿಗಳ ಒಟ್ಟು ಪರಿಣಾಮವನ್ನು ಒಟ್ಟಾಗಿ ಅಧ್ಯಯನ ಮಾಡುವ ಕೆಲಸವನ್ನು ಭಾರತೀಯ ಅರಣ್ಯ ಸಂಶೋಧನ ಮಂಡಲಿಗೆ ಒಪ್ಪಿಸಲಾಯಿತು. ಹೊಸ ಗಣಿಯ ವರದಿಯು ತನ್ನ ಲಾರಿಗಳನ್ನು ಮಾತ್ರ ಕೂಡಿದರೆ ಸಾಲದು. ಅದೇ ರಸ್ತೆಗೆ ಇಳಿಯಲಿರುವ, ಅನುಮತಿ ಪಡೆದ, ಅರ್ಜಿ ಹಾಕಿರುವ ಎಲ್ಲ ಗಣಿಗಳ ಲಾರಿಗಳನ್ನೂ ಕೂಡಬೇಕು. ಹತ್ತು ವರದಿಗಳಲ್ಲಿ ಹತ್ತು ಸಲವೂ ಸಮರ್ಥವೆನಿಸಿಕೊಂಡ ರಸ್ತೆ ಒಂದೇ ಆಗಿರಬಹುದು. ಸಂಡೂರಿನ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಈಗ ಅದಿರನ್ನು ಕನ್ವೇಯರಿನ ಮೂಲಕ ಸಾಗಿಸುತ್ತಾರೆ. ಅದಿರಿಗೆ ರಸ್ತೆಯೇ ಗತಿಯೆಂದೇನೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಚಿಕ್ಕ ಗಣಿಗಳಿಗೆ ಅಷ್ಟು ವೆಚ್ಚ ಎಟುಕದೆಂಬುದೂ ನಿಜ.

ಕೈಗಾರಿಕೆಯೇ ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಶಾಲೆಯ ಕಟ್ಟಡಕ್ಕೂ ಆಸ್ಪತ್ರೆಗೂ ಜಲ್ಲಿ ಬೇಕು. ಜಲ್ಲಿಯಿಲ್ಲದೆ ಹಳ್ಳಿಗೆ ರಸ್ತೆಯೂ ಬರುತ್ತಿರಲಿಲ್ಲ. ಆದರೆ ಜಲ್ಲಿಯ ಬೆಲೆಯಲ್ಲಿ ಸೇರದ ಖರ್ಚನ್ನು ಯಾರು ಹೊರುತ್ತಿದ್ದಾರೆಂಬುದನ್ನು ಮುಂಚಿತವಾಗಿ ಅರಿಯುವುದಕ್ಕಾಗಿಯೇ ಈ ಅಂದಾಜು ಹುಟ್ಟಿರುವುದು. ಈಗಿನ ಪದ್ಧತಿಯಲ್ಲಿ ವರದಿಯನ್ನು ಬರೆಯುವ ತಜ್ಞ ಸಂಸ್ಥೆಗೆ ಹಣ ಕೊಡುವವನು ಯೋಜನೆಯ ಒಡೆಯನೇ. ತಜ್ಞರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ತಕ್ಕಡಿಯನ್ನು ಹಿಡಿದವನಿಗೆ ಸಂಬಳ ಕೊಡುವವನು ಮಾರುವವನೇ ಆಗಿರುವುದು ಒಳ್ಳೆಯ ಏರ್ಪಾಡಲ್ಲ. ವಾಹನಗಣತಿಯ ವೆಚ್ಚವನ್ನು ಒಡೆಯನಿಂದ ಪಡೆದು ಜಿಲ್ಲಾಡಳಿತದಲ್ಲಿ ಇರಿಸಿ, ಎಣಿಕೆಯನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಒಪ್ಪಿಸುವುದು ಕಷ್ಟದ ಕೆಲಸವೇನೂ ಅಲ್ಲ.

ಅದಾಗುವವರೆಗೆ ಊರಿನವರೇ ಎಣಿಸಬಹುದು. ಇದಕ್ಕೆ ಯಂತ್ರ ಬೇಡ. ಊರಬಾಗಿಲಿನಲ್ಲಿ ಇಬ್ಬರು, ಒಂದು ಗಡಿಯಾರ, ಗೆರೆ ಎಳೆದ ಪುಸ್ತಕ. ಗಂಟೆಗೊಂದು ಸಾಲು, ವಾಹನಕ್ಕೊಂದು ಗೀಟು. ಪುಸ್ತಕದಲ್ಲಿ ಸರ್ಕಾರಿ ಕೋಷ್ಟಕದಲ್ಲಿಲ್ಲದ ಅಂಕಣಗಳೂ ಇರಲಿ: ನಡೆದು ಹೋಗುವ ಮಕ್ಕಳು, ದೊಡ್ಡವರು, ದನಗಳು, ರಸ್ತೆ ದಾಟಿದವರು. ಸಂತೆಯನ್ನೊಳಗೊಂಡ ಏಳು ದಿನ, ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಪ್ರೌಢಶಾಲೆಯ ವಿಜ್ಞಾನ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತೋಚುವುದಿಲ್ಲ. ಇದರ ಜೊತೆಗೆ ರಸ್ತೆಯ ಅಗಲವನ್ನೂ ಅಂಚಿನ ಅಗಲವನ್ನೂ ನೂರು ಮೀಟರಿಗೊಂದು ಕಡೆ ಟೇಪು ಹಿಡಿದು ಅಳೆದಿಟ್ಟರೆ ಕೋಷ್ಟಕವನ್ನು ಎದುರಿಸುವ ಸಾಮಗ್ರಿ ಸಿದ್ಧವಾಯಿತು. 2006ರ ಅಧಿಸೂಚನೆಯಂತೆ ನಡೆಯುವ ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶವು ಕನ್ನಡದಲ್ಲಿ ದೊರೆಯಬೇಕು. ಜಿಲ್ಲಾಧಿಕಾರಿಯೋ ಅವರ ಪ್ರತಿನಿಧಿಯೋ ಅಧ್ಯಕ್ಷತೆ ವಹಿಸಿ ಜನರು ಹೇಳಿದುದನ್ನು ದಾಖಲಿಸಬೇಕು. "ಲಾರಿ ಬಹಳವಾದೀತು ಸ್ವಾಮಿ" ಎಂಬ ಮಾತಿಗಿಂತ, "ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ 212 ಮಕ್ಕಳು ಈ ಅಂಚಿನ ಮೇಲೆ ನಡೆಯುತ್ತಾರೆ, ಆ ಹೊತ್ತಿನಲ್ಲಿ ಲಾರಿ ಓಡಬಾರದು" ಎಂಬ ಬಗೆಯ ಮಾತಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ಚಿಕ್ಕ ವರ್ಗದ ಅನೇಕ ಯೋಜನೆಗಳಿಗೆ ಈ ಸಭೆಯಿಂದ ವಿನಾಯಿತಿ ಇದೆ. ಅಲ್ಲಿ ಗ್ರಾಮಸಭೆಯ ನಿರ್ಣಯದೊಡನೆ ಎಣಿಕೆಯ ಪುಸ್ತಕವನ್ನು ಲಗತ್ತಿಸಿ ಕಳುಹಿಸಬೇಕಾಗುತ್ತದೆ.

ಇನ್ನೊಂದು ಕೊರತೆ ಉಳಿದಿದೆ. ವಿಜ್ಞಾನದಲ್ಲಿ ಭವಿಷ್ಯವನ್ನು ನುಡಿದವನು ಕಾಲ ಬಂದಾಗ ಅದನ್ನು ಪರೀಕ್ಷೆಗೆ ಒಡ್ಡಬೇಕು. ದಿನಕ್ಕೆ 200 ಲಾರಿ ಎಂದು ಬರೆದು ಅನುಮತಿ ಪಡೆದ ಗಣಿಯಿಂದ ನಿಜವಾಗಿ 200 ಹೊರಟವೇ, 350 ಹೊರಟವೇ? ಅನುಮತಿ ಪಡೆದ ಯೋಜನೆಗಳು ಷರತ್ತುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕೆಂಬ ನಿಯಮ ಈಗಲೂ ಇದೆ. ಆ ವರದಿಯಲ್ಲಿ ವಾಹನಗಣತಿಯ ಒಂದು ಪುಟವೂ ಸೇರಬೇಕು. ಯೋಜನೆಗೆ ಮುಂಚೆ ಎಣಿಸಿದ ಅದೇ ಸ್ಥಳದಲ್ಲಿ, ಅದೇ ತಿಂಗಳಿನಲ್ಲಿ, ಅದೇ ಅಂಕಣಗಳಲ್ಲಿ ಎಣಿಸಿದ ಪುಟ. ಅದರ ಒಂದು ಪ್ರತಿಯನ್ನು ಗ್ರಾಮಪಂಚಾಯತಿಯ ಕಚೇರಿಯ ಗೋಡೆಗೆ ಅಂಟಿಸತಕ್ಕದ್ದು.